ಸೇತುವೆಯ ಬಳಿ ಹದಿನೇಳು ಸಾವು, ಬಿಡಾರದಲ್ಲಿ ಒಂದು ಮುನಿಸು

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದವಳು, ವಯಸ್ಸು 26. ವಸಂತನರಸಾಪುರದಲ್ಲಿ ಎರಡನೇ ಪಾಳಿಯ ಕೆಲಸ. ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಗೇಮ್ ಆಡುತ್ತೇನೆ. ನನ್ನ ಪಾತ್ರ ಬಾರ್ಡ್, ಎಂದರೆ ಹಾಡುಗಾರ್ತಿ, ಈಗ ನಾಲ್ಕನೇ ಲೆವೆಲ್. ಜೊತೆಯಲ್ಲಿ ಆಟದ ಸಂಗಾತಿಗಳಾದ ಶ್ಯಾಡೋಹಾರ್ಟ್, ಆಸ್ಟೇರಿಯನ್ ಮತ್ತು ಗೇಲ್. ಬೆಟ್ಟದ ದಾರಿಯ ಸೇತುವೆಯ ಬಳಿ ಗಿತ್‌ಯಾಂಕಿ ಎಂಬ ಯೋಧ ಜನಾಂಗದ ಸೈನಿಕರ ಕೈಯಲ್ಲಿ ಹದಿನೇಳು ಸಲ ಸತ್ತಿದ್ದೇನೆ. ನಮ್ಮ ಸರದಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಇಬ್ಬರು ನೆಲಕ್ಕುರುಳಿರುತ್ತಾರೆ. ಶೇ 65 ಎಂದು ತೋರಿಸಿದ ಹೊಡೆತ ಸತತ ಮೂರು ಸಲ ತಪ್ಪುತ್ತದೆ. ಕಂಪ್ಯೂಟರ್ ಮೋಸ ಮಾಡುತ್ತಿದೆಯೇ? ಶ್ಯಾಡೋಹಾರ್ಟ್ ಎಸೆಯುವ ಬೆಂಕಿಯಂತೂ ಬೇಕೆಂದೇ ಗುರಿ ತಪ್ಪಿಸಿದಂತೆ ಹೋಗುತ್ತದೆ. ಇನ್ನೊಬ್ಬ ಸಂಗಾತಿ ಲೇಜೆಲ್‌ಳನ್ನು ಬಿಡಾರದಲ್ಲೇ ಬಿಟ್ಟಿದ್ದೇನೆ. ಯಾರಿಗೆ ಸಹಾಯ ಮಾಡಿದರೂ ಮುಖ ಸಿಂಡರಿಸುತ್ತಾಳೆ. ಆಸ್ಟೇರಿಯನ್‌ನದೂ ಅದೇ ಕತೆ. ಕತೆಯಲ್ಲಿ ನನ್ನ ಪಾತ್ರದ ತಲೆಯೊಳಗಿರುವ ಹುಳು ಬಲಿತುಬಿಡುತ್ತದೆ ಎಂಬ ಭಯಕ್ಕೆ ಆಟದೊಳಗೆ ಇಷ್ಟು ದಿನದಲ್ಲಿ ನಾಲ್ಕೇ ರಾತ್ರಿ ಮಲಗಿದ್ದೇನೆ. ಮುಂದೆ ಬೇಕಾಗುತ್ತದೆಂದು 23 ಶೀಶೆ ಗುಣಪಡಿಸುವ ಮದ್ದು ಎತ್ತಿಟ್ಟುಕೊಂಡಿದ್ದೇನೆ. ‘ಕಷ್ಟದ ಮಟ್ಟ ಇಳಿಸಿಕೋ ಅಕ್ಕ’ ಎನ್ನುತ್ತಾನೆ ತಮ್ಮ. ಹಾಗೆ ಗೆದ್ದರೆ ಅದು ಗೆಲುವೇ? ಸಣ್ಣ ಶತ್ರುಗಳನ್ನು ಕೊಂದು ಲೆವೆಲ್ ಏರಿಸಿಕೊಂಡು ಬರಲೇ, ಲೇಜೆಲ್‌ಳನ್ನು ಶಾಶ್ವತವಾಗಿ ಕಳಿಸಿಬಿಡಲೇ, ಇಲ್ಲವೇ ಆಟವನ್ನು ಮೊದಲಿನಿಂದ ಶುರುಮಾಡಲೇ?

ಉತ್ತರ: ಮೊದಲಿನಿಂದ ಶುರುಮಾಡಬೇಡಿ. ನಿಮ್ಮ ಆಟ ಕೆಟ್ಟಿಲ್ಲ. ನೀವು ಎರಡು ದೂರು ಬರೆದಿದ್ದೀರಿ: ಶತ್ರು ವಿಪರೀತ ಬಲಶಾಲಿ, ಸಂಗಾತಿಗಳು ವಿಪರೀತ ಹಠಮಾರಿಗಳು. ಪತ್ರದ ನಡುವೆ ಭಯವೆಂದು ಹೇಳಿ ಮುಂದೆ ಸಾಗಿದ ಒಂದು ವಾಕ್ಯ ನನಗೆ ಆ ಎರಡು ದೂರುಗಳಿಗಿಂತ ಮುಖ್ಯವಾಗಿ ಕಂಡಿತು. ನಾಲ್ಕೇ ರಾತ್ರಿ ಮಲಗಿದ್ದೇನೆ ಎಂದಿದ್ದೀರಲ್ಲ, ಎರಡೂ ತೊಂದರೆಗಳ ಬೇರು ಅಲ್ಲಿದೆ.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತ ಹದಿಮೂರು ವರ್ಷಗಳಿಂದ ಗೇಮ್‌ಗಳಲ್ಲಿನ ಕಾಳಗಗಳನ್ನು ತೂಗಿ ನೋಡುವ ಕೆಲಸ ಮಾಡುತ್ತಿದ್ದೇನೆ. ಯಾವ ಶತ್ರುವಿಗೆ ಎಷ್ಟು ಬಲ, ಅವನನ್ನು ಎಲ್ಲಿ ನಿಲ್ಲಿಸಬೇಕು, ಅವನ ಮುಂದೆ ಬರುವ ಹೊತ್ತಿಗೆ ಆಡುವವರ ಕೈಯಲ್ಲಿ ಏನು ಉಳಿದಿರುತ್ತದೆ ಎಂದು ಲೆಕ್ಕ ಹಾಕುವುದೇ ಈ ಕೆಲಸ. ಒಮ್ಮೆ ಒಂದು ಕಾವಲುಗಾರ ಪ್ರಾಣಿಯ ಬಗ್ಗೆ ಪರೀಕ್ಷೆಗೆ ಬಂದ ಆಟಗಾರರೆಲ್ಲ ‘ಇದು ಅನ್ಯಾಯ’ ಎಂದು ಬರೆದುಕೊಟ್ಟರು. ನಾವು ಅದರ ಜೀವಬಲವನ್ನು ಕಾಲು ಭಾಗ ಇಳಿಸಿದೆವು. ದೂರು ನಿಲ್ಲಲಿಲ್ಲ. ಆಮೇಲೆ ಅವರು ಸತ್ತ ಕ್ಷಣದ ಪರದೆಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಮಂತ್ರಗಳೆಲ್ಲ ಮುಗಿದಿದ್ದವು, ಚೀಲದ ಮದ್ದು ಮಾತ್ರ ಹಾಗೆಯೇ ಇತ್ತು. ಪ್ರಾಣಿಯ ಬಲವನ್ನು ಮೊದಲಿನಷ್ಟಕ್ಕೇ ಏರಿಸಿ, ಅದರ ಗುಹೆಗೆ ಸ್ವಲ್ಪ ಮೊದಲು ಮಲಗಿ ಏಳಲು ಒಂದು ಬೆಂಕಿಯ ಗುಂಡಿ ಇಟ್ಟೆವು. ದೂರುಗಳು ನಿಂತವು. ಅಂದಿನಿಂದ ಯಾರಾದರೂ ‘ಶತ್ರು ವಿಪರೀತ ಬಲಶಾಲಿ’ ಎಂದರೆ ನಾನು ಮೊದಲು ನೋಡುವುದು ಅವರ ಚೀಲವನ್ನು.

ನಿಮ್ಮ ಭಯಕ್ಕೆ ಕಾರಣವಿದೆ. ಮಿದುಳು ತಿನ್ನುವ ಜೀವಿಯ ಮರಿ ತಲೆಯೊಳಗಿದೆ, ಕೆಲವೇ ದಿನಗಳಲ್ಲಿ ನೀವೂ ಅದೇ ಆಗಿಬಿಡುತ್ತೀರಿ ಎಂದು ಕತೆ ಆರಂಭದಿಂದಲೂ ಹೆದರಿಸುತ್ತದೆ. ಲೇಜೆಲ್ ಅಂತೂ ಒಂದು ಗಂಟೆಯನ್ನೂ ಕಳೆಯಬಾರದು ಎನ್ನುವಂತೆ ಮಾತಾಡುತ್ತಾಳೆ. ಆದರೆ ಹುಳುವಿಗೆ ಆಟದಲ್ಲಿ ಗಡಿಯಾರ ಕಟ್ಟಿಲ್ಲ. ಎಷ್ಟು ರಾತ್ರಿ ಮಲಗಿದರೂ ಆ ಕಾರಣಕ್ಕೆ ನೀವು ಮಿದುಳು ತಿನ್ನುವ ಜೀವಿಯಾಗುವುದಿಲ್ಲ. ಕತೆ ಹೇಳುವ ಆತುರವೇ ಬೇರೆ, ಆಟದ ನಿಯಮವೇ ಬೇರೆ. ಒಂದು ಎಚ್ಚರಿಕೆ ಮಾತ್ರ ಇದೆ: ಉರಿಯುತ್ತಿರುವ ಮನೆ, ವಿಷಾನಿಲದಲ್ಲಿ ಸಿಕ್ಕಿಕೊಂಡ ಜನ, ಇಂಥದ್ದನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಬಿಟ್ಟು ಮಲಗಬೇಡಿ. ಅವರು ನಿಮ್ಮ ಬೆಳಗಿನವರೆಗೆ ಕಾಯುವುದಿಲ್ಲ.

ಮಲಗದೆ ಇದ್ದುದರಿಂದ ಆದದ್ದೇನು? ನಾಲ್ಕನೇ ಲೆವೆಲ್‌ನಲ್ಲಿ ಶ್ಯಾಡೋಹಾರ್ಟ್‌ಗೆ ಒಂದು ದಿನಕ್ಕೆ ಏಳು ಮಂತ್ರಗಳ ಬಂಡವಾಳ ಇರುತ್ತದೆ, ಮೊದಲ ಮಟ್ಟದವು ನಾಲ್ಕು, ಎರಡನೇ ಮಟ್ಟದವು ಮೂರು. ಅದು ಪೂರ್ತಿ ತುಂಬುವುದು ಲಾಂಗ್ ರೆಸ್ಟ್, ಎಂದರೆ ಬಿಡಾರದಲ್ಲಿ ರಾತ್ರಿಯ ಪೂರ್ತಿ ವಿಶ್ರಾಂತಿ, ತೆಗೆದುಕೊಂಡಾಗ. ನೀವು ಸೇತುವೆಗೆ ಬರುವ ಹೊತ್ತಿಗೆ ಒಂದೋ ಎರಡೋ ಉಳಿದಿರಬೇಕು. ಉಳಿದ ಸರದಿಗಳಲ್ಲೆಲ್ಲ ಅವಳ ಕೈಯಿಂದ ಪುಕ್ಕಟೆಯಾಗಿ ಸಿಗುವ ಬೆಂಕಿಯನ್ನು ಎಸೆಸಿದ್ದೀರಿ. ಅದು ತಪ್ಪುವುದಕ್ಕೆ ಅವಳ ಹಠ ಕಾರಣವಲ್ಲ. ಆ ಬೆಂಕಿ ಅವಳಿಗೆ ಬಂದಿರುವುದು ವಂಶದಿಂದ, ಅದರ ಗುರಿ ನಿರ್ಧಾರವಾಗುವುದು ಬುದ್ಧಿಯ ಅಂಕದಿಂದ. ಶ್ಯಾಡೋಹಾರ್ಟ್‌ಳ ಬುದ್ಧಿಯ ಅಂಕ 10, ಎಂದರೆ ಅದರಿಂದ ದಾಳಕ್ಕೆ ಸೇರಿಸಲು ಏನೂ ಇಲ್ಲ, ಲೆವೆಲ್‌ನಿಂದ ಬರುವ 2 ಅಂಕ ಮಾತ್ರ. ಪೂಜಾರಿಣಿಯಾಗಿ ಅವಳು ಹೇಳುವ ಮಂತ್ರಗಳು ನಿಂತಿರುವುದು ವಿವೇಕದ ಮೇಲೆ, ಅದು 17. ಎದುರಾಳಿಯ ರಕ್ಷಣಾಂಕ, ಎಂದರೆ ಹೊಡೆತ ತಾಗಲು ಮುಟ್ಟಬೇಕಾದ ಅಂಕ, 17 ಎಂದುಕೊಳ್ಳಿ. ಆ ಬೆಂಕಿ ತಾಗಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು, ಎಂದರೆ ಹತ್ತು ಸಲ ಎಸೆದರೆ ತಾಗುವುದು ಮೂರೇ ಸಲ. ಅದೇ ಸರದಿಯಲ್ಲಿ ಅವಳು ‘ಬ್ಲೆಸ್’ ಮಂತ್ರ ಹೇಳಿದರೆ ಮೂವರಿಗೆ ಪ್ರತಿ ಹೊಡೆತಕ್ಕೂ ನಾಲ್ಕು ಮುಖದ ದಾಳವೊಂದು ಹೆಚ್ಚುವರಿಯಾಗಿ ಸಿಗುತ್ತದೆ. ಸರಾಸರಿ ಎರಡೂವರೆ ಅಂಕ. ನಿಮ್ಮ ಶೇ 65 ಸುಮಾರು ಶೇ 77 ಆಗುತ್ತದೆ. ಒಬ್ಬಳು ಬೆಂಕಿ ಎಸೆದು ತಪ್ಪಿಸುವುದಕ್ಕೂ ಮೂವರ ಕೈ ಗಟ್ಟಿಯಾಗುವುದಕ್ಕೂ ಇರುವ ವ್ಯತ್ಯಾಸ ಇದು. ಅವಳಿಗೆ ಪೆಟ್ಟು ಬಿದ್ದರೆ ಏಕಾಗ್ರತೆ ಮುರಿದು ಮಂತ್ರ ಕರಗಬಹುದು, ಆದ್ದರಿಂದ ಅವಳನ್ನು ಹಿಂದೆ ನಿಲ್ಲಿಸಿ.

ಕಂಪ್ಯೂಟರಿನ ಮೋಸದ ಬಗ್ಗೆ. ಶೇ 65 ಎಂದು ನೋಡಿದಾಗ ನಮ್ಮ ಮನಸ್ಸು ಅದನ್ನು ‘ಬಹುತೇಕ ಖಚಿತ’ ಎಂದು ಓದುತ್ತದೆ. ತಪ್ಪುವ ಸಾಧ್ಯತೆ ಶೇ 35. ಯಾವುದಾದರೂ ಮೂರು ಹೊಡೆತ ಸತತವಾಗಿ ತಪ್ಪುವ ಸಾಧ್ಯತೆ ಶೇ 4ಕ್ಕಿಂತ ಸ್ವಲ್ಪ ಹೆಚ್ಚು, ಕೇಳಲು ಅಪರೂಪ. ಆದರೆ ಒಂದು ದೊಡ್ಡ ಕಾಳಗದಲ್ಲಿ ನಿಮ್ಮ ಕಡೆಯಿಂದ ಮೂವತ್ತು ಹೊಡೆತಗಳು ನಡೆದರೆ, ಅವುಗಳಲ್ಲಿ ಎಲ್ಲೋ ಒಂದು ಕಡೆ ಮೂರು ಸತತವಾಗಿ ತಪ್ಪುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಚೌಕಾಬಾರ ಆಡಿದವರಿಗೆ ಇದು ಗೊತ್ತು. ಬೇಕಾದ ಗರ ಬೀಳದೆ ಕಾಯಿ ಮನೆಯಲ್ಲೇ ಕೊಳೆಯುವ ದಿನ ಕವಡೆಯ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ದಾಳವನ್ನು ಬದಲಿಸಲಾಗದು, ಎಷ್ಟು ದಾಳ ಉರುಳಿಸುತ್ತೀರಿ ಎಂಬುದನ್ನು ಬದಲಿಸಬಹುದು. ಶತ್ರುವಿಗೆ ಕಾಣದಂತೆ ಅಡಗಿ ಹೊಡೆದರೆ, ಅವನು ನೆಲಕ್ಕೆ ಬಿದ್ದಾಗ ಹತ್ತಿರದಿಂದ ಹೊಡೆದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ ಸಿಗುತ್ತದೆ. ಆಗ ಅದೇ ಶೇ 65 ಸುಮಾರು ಶೇ 88 ಆಗುತ್ತದೆ. ಎತ್ತರದಲ್ಲಿ ನಿಂತು ಬಾಣ ಬಿಟ್ಟರೆ ಎರಡು ಅಂಕ ಹೆಚ್ಚುವರಿ.

ಲೆವೆಲ್ ಏರಿಸಿಕೊಂಡು ಬರುವ ಯೋಚನೆ ಬೇರೆ ಆಟಗಳಿಂದ ಬಂದ ರೂಢಿ. ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಶತ್ರುವಿನ ಬಲವನ್ನು ನಿಗದಿ ಮಾಡಲು ಎರಡು ಮುಖ್ಯ ಪದ್ಧತಿಗಳಿವೆ. ಒಂದರಲ್ಲಿ ನೀವು ಬೆಳೆದಂತೆ ಲೋಕವೂ ಬೆಳೆಯುತ್ತದೆ. 1999ರ ಫೈನಲ್ ಫ್ಯಾಂಟಸಿ 8ರಲ್ಲೂ 2006ರ ಆಬ್ಲಿವಿಯನ್‌ನಲ್ಲೂ ಹೀಗೇ ಇದೆ. ಆಬ್ಲಿವಿಯನ್‌ನಲ್ಲಿ ನೀವು ದೊಡ್ಡವರಾದ ಮೇಲೆ ದಾರಿಗಳ್ಳರೂ ರಾಜಯೋಗ್ಯವಾದ ಕವಚ ತೊಟ್ಟು ಎದುರಾಗುತ್ತಾರೆ. ಅಲ್ಲಿ ಲೆವೆಲ್ ಏರುವುದೇ ಕೆಲವೊಮ್ಮೆ ಅಪಾಯ. ಇನ್ನೊಂದರಲ್ಲಿ ಶತ್ರು ಇದ್ದಲ್ಲೇ ಇದ್ದಷ್ಟೇ ಬಲದಿಂದ ನಿಂತಿರುತ್ತಾನೆ, ಯಾವಾಗ ಬರಬೇಕೆಂಬುದು ನಿಮಗೆ ಬಿಟ್ಟದ್ದು. 2023ರಲ್ಲಿ ಬೆಲ್ಜಿಯಂನ ಲಾರಿಯನ್ ಸಂಸ್ಥೆ ಹೊರತಂದ ನಿಮ್ಮ ಆಟ ಈ ಎರಡನೇ ಜಾತಿಯದು. ನೀವು ಐದನೇ ಲೆವೆಲ್ ಆಗಿ ಬಂದರೂ ಸೇತುವೆಯ ಸೈನಿಕರು ಹೆಚ್ಚಾಗುವುದಿಲ್ಲ. ಆದರೆ ಕೊಂದ ಶತ್ರು ಮತ್ತೆ ಹುಟ್ಟುವುದೂ ಇಲ್ಲ. ಒಂದೇ ಕಾಡಿನಲ್ಲಿ ತೋಳ ಹೊಡೆಯುತ್ತಾ ಕೂತು ಅನುಭವ ಸಂಪಾದಿಸುವ ದಾರಿ ಇಲ್ಲಿಲ್ಲ. ಇನ್ನೂ ನೋಡದ ಜಾಗಗಳಿಗೆ ಹೋಗುವುದೊಂದೇ ದಾರಿ.

ಈಗ ಸೇತುವೆಗೆ ಬರೋಣ. ಗುಬ್ಬಿಯ ಹತ್ತಿರದ ಊರಿನಲ್ಲಿ ನನ್ನ ಅಜ್ಜಿ ಜಗುಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಹುಲಿ-ಕುರಿ ಆಟದ ಮನೆ ಬರೆಯುತ್ತಿದ್ದಳು. ಮೂರು ಕೊಬ್ಬರಿ ಚಿಪ್ಪಿನ ಚೂರು ಹುಲಿಗಳು, ಹದಿನೈದು ಹುಣಸೆ ಬೀಜ ಕುರಿಗಳು. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ, ಕುರಿಗೆ ಹಾರುವ ಶಕ್ತಿಯೇ ಇಲ್ಲ. ನಾನು ಕುರಿ ಹಿಡಿದಾಗಲೆಲ್ಲ ಇದು ಅನ್ಯಾಯದ ಆಟ ಎಂದು ಅಳುತ್ತಿದ್ದೆ. ಅಜ್ಜಿ ನನ್ನ ಬೆರಳು ಹಿಡಿದು ಕುರಿಯ ಹಿಂದಿನ ಮನೆಯ ಮೇಲೆ ಇಟ್ಟಳು. ಹುಲಿ ಹಾರಬೇಕಾದರೆ ಆ ಮನೆ ಖಾಲಿ ಇರಬೇಕು. ಅಲ್ಲೊಂದು ಹುಣಸೆ ಬೀಜ ಕೂತರೆ ಹುಲಿ ಇದ್ದಲ್ಲೇ ನಿಲ್ಲುತ್ತದೆ.

ಗಿತ್‌ಯಾಂಕಿಗಳೂ ನೆಗೆಯುವ ಜನ. ನಿಮ್ಮ ತಂಡವನ್ನು ನೋಡಿ: ಹಾಡುಗಾರ್ತಿ, ಪೂಜಾರಿಣಿ, ಕಳ್ಳ, ಮಾಂತ್ರಿಕ. ಮುಂದೆ ನಿಂತು ಪೆಟ್ಟು ತಿನ್ನಲೆಂದೇ ಬೆಳೆದವರು ಒಬ್ಬರೂ ಇಲ್ಲ. ಅವರು ಒಂದೇ ನೆಗೆತಕ್ಕೆ ಗೇಲ್ ಮತ್ತು ಆಸ್ಟೇರಿಯನ್‌ರ ಬಳಿ ಇರುತ್ತಾರೆ, ಮೊದಲ ಸುತ್ತಿನಲ್ಲೇ ಇಬ್ಬರು ಬೀಳುವುದು ಅದಕ್ಕೆ. ಭಾರದ ಕವಚ ತೊಟ್ಟು ಎರಡು ಕೈಯ ಕತ್ತಿ ಹಿಡಿದು ಆ ಖಾಲಿ ಮನೆಯಲ್ಲಿ ನಿಲ್ಲಬಲ್ಲವಳು ನಿಮ್ಮ ಬಿಡಾರದಲ್ಲೇ ಇದ್ದಾಳೆ. ನೀವು ಮುಖ ತಿರುಗಿಸಿಕೊಂಡಿರುವ ಲೇಜೆಲ್. ಮೇಲಾಗಿ ಅವಳೂ ಗಿತ್‌ಯಾಂಕಿ. ಸೇತುವೆಯ ಬಳಿ ನಿಂತಿರುವವರು ಅವಳ ಜನ, ಅವಳು ಮೊದಲ ದಿನದಿಂದ ಹುಡುಕುತ್ತಿದ್ದುದು ಅವರನ್ನೇ. ಅವಳಿಲ್ಲದೆ ಅಲ್ಲಿಗೆ ಹೋಗಿರುವುದರಿಂದ ಆಟದ ಒಂದು ದೊಡ್ಡ ಮಾತುಕತೆಯೂ ನಿಮ್ಮ ಕೈತಪ್ಪಿದೆ.

ಸಂಗಾತಿಗಳ ಹಠದಲ್ಲಿ ಬಗೆಗಳಿವೆ. ಒಂದು, ಕಾಳಗದಲ್ಲಿ ಮಾತು ಕೇಳದಿರುವುದು. 1990ರ ಡ್ರ್ಯಾಗನ್ ಕ್ವೆಸ್ಟ್ 4ರಲ್ಲಿ ಕೊನೆಯ ಅಧ್ಯಾಯದ ಸಂಗಾತಿಗಳು ತಮ್ಮಿಷ್ಟದಂತೆ ಹೋರಾಡುತ್ತಿದ್ದರು. ಅದರ ಅರ್ಚಕ, ಸಾವಿನ ಮಂತ್ರ ತಾಗದ ದೊಡ್ಡ ಶತ್ರುಗಳ ಮೇಲೂ ಅದನ್ನೇ ಹೇಳುತ್ತಾ ನಿಲ್ಲುತ್ತಿದ್ದುದು ಇಂದಿಗೂ ಆಟಗಾರರ ಬಾಯಲ್ಲಿದೆ. 2006ರ ಪರ್ಸೋನಾ 3ರಲ್ಲೂ ಗೆಳೆಯರಿಗೆ ನೇರ ಆಜ್ಞೆ ಕೊಡಲು ಆಗುತ್ತಿರಲಿಲ್ಲ; 2009ರ ಪೋರ್ಟಬಲ್ ಆವೃತ್ತಿಯಲ್ಲಿ ಆ ಅವಕಾಶ ಬಂತು. ನಿಮ್ಮ ಆಟದಲ್ಲಿ ಈ ತೊಂದರೆ ಇಲ್ಲ, ನಾಲ್ವರ ಸರದಿಯೂ ನಿಮ್ಮ ಕೈಯಲ್ಲಿದೆ. ಇನ್ನೊಂದು, ನಡೆಯುವಾಗ ಬೆಂಕಿಗೂ ಬಲೆಗೂ ಕಾಲಿಡುವುದು. ಅಂಥ ಜಾಗದಲ್ಲಿ ಗುಂಪನ್ನು ಬಿಡಿಸಿ ಒಬ್ಬೊಬ್ಬರನ್ನೇ ದಾಟಿಸಿ, ಅಷ್ಟೇ.

ಮೂರನೆಯದು ಮನಸ್ಸಿನ ಹಠ, ನಿಮ್ಮ ತೊಂದರೆ ಇದು. 1998ರ ಮೊದಲ ಬಾಲ್ಡರ್ಸ್ ಗೇಟ್‌ನಿಂದಲೂ ಈ ಸರಣಿಯ ಸಂಗಾತಿಗಳು ತಮ್ಮ ತಮ್ಮಲ್ಲೇ ಜಗಳವಾಡುವವರು, ನಾಯಕನ ನಡತೆ ಹಿಡಿಸದಿದ್ದರೆ ಬಿಟ್ಟುಹೋಗುವವರು. ಹಾಗೆ ಮಾಡಿರುವುದು ಬೇಕೆಂದೇ. ಎಲ್ಲದಕ್ಕೂ ತಲೆಯಾಡಿಸುವ ಸಂಗಾತಿ ಕತ್ತಿ ಹಿಡಿದ ಕೂಲಿಯಾಳಷ್ಟೇ ಆಗುತ್ತಾನೆ, ಕತೆಯಲ್ಲಿ ಅವನಿಗೆ ಜಾಗವಿರುವುದಿಲ್ಲ. ಲೇಜೆಲ್ ಯುದ್ಧಕ್ಕಾಗಿಯೇ ಬೆಳೆಸಿದ ಹುಡುಗಿ, ಕರುಣೆ ಅವಳಿಗೆ ಕಲಿಸಿದ ಪಾಠದಲ್ಲಿ ಇರಲಿಲ್ಲ. ಆಸ್ಟೇರಿಯನ್ ದೀರ್ಘ ಕಾಲ ಇನ್ನೊಬ್ಬನ ಗುಲಾಮನಾಗಿದ್ದವನು. ತನಗೆ ಯಾರೂ ಸಹಾಯ ಮಾಡದಿದ್ದಾಗ ನೀವು ದಾರಿಹೋಕರಿಗೆಲ್ಲ ಸಹಾಯ ಮಾಡುವುದು ಅವನಿಗೆ ಒಗ್ಗುವುದಿಲ್ಲ. ಇವೆಲ್ಲ ನಿಮಗೆ ತಿಳಿಯುವುದು ರಾತ್ರಿ ಬಿಡಾರದಲ್ಲಿ. ಅವರ ತಲೆಯ ಮೇಲೆ ಆಶ್ಚರ್ಯ ಚಿಹ್ನೆ ಮೂಡಿದ್ದರೆ ಮಾತಾಡಲು ಕಾಯುತ್ತಿದ್ದಾರೆ ಎಂದರ್ಥ. ಇಂಥ ಹಲವು ಪ್ರಸಂಗಗಳು ಲಾಂಗ್ ರೆಸ್ಟ್ ತೆಗೆದುಕೊಂಡಾಗ ಮಾತ್ರ ತೆರೆದುಕೊಳ್ಳುತ್ತವೆ. ನಾಲ್ಕೇ ರಾತ್ರಿ ಮಲಗಿದ ನಿಮಗೆ ಹಗಲಿನ ಮುನಿಸು ಮಾತ್ರ ಕಂಡಿದೆ, ಅದರ ಹಿಂದಿನ ಕತೆ ಇನ್ನೂ ಕಿವಿಗೆ ಬಿದ್ದಿಲ್ಲ.

ಹಾಗೆಂದು ಅವರನ್ನು ಮೆಚ್ಚಿಸಲು ನಿಮ್ಮ ಸ್ವಭಾವ ಬದಲಿಸಿಕೊಳ್ಳಬೇಡಿ. ಎಲ್ಲರಿಗೂ ಹೌದು ಎಂದರೆ ಎಲ್ಲರೂ ಉಳಿಯುತ್ತಾರೆ ಎಂಬುದು ದೊಡ್ಡ ತಪ್ಪು ನಂಬಿಕೆ. ಒಬ್ಬರ ಮೆಚ್ಚುಗೆ ಇನ್ನೊಬ್ಬರ ಬೇಸರವಾಗಿರುತ್ತದೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ತಂಡದಲ್ಲಿ ಇದ್ದವರು ಮಾತ್ರ ನಿಮ್ಮ ನಡೆಯನ್ನು ತೂಗುತ್ತಾರೆ. ಮಕ್ಕಳನ್ನು ಬಿಡಿಸುವ ಕೆಲಸಕ್ಕೆ ಹೋಗುವ ದಿನ ಆಸ್ಟೇರಿಯನ್ ಬಿಡಾರದಲ್ಲಿರಲಿ, ಗಿತ್‌ಯಾಂಕಿಗಳ ಕಡೆ ಹೊರಟ ದಿನ ಲೇಜೆಲ್ ಜೊತೆಗಿರಲಿ. ಮನೆಯ ಯಾವ ಕಾರ್ಯಕ್ಕೆ ಯಾವ ನೆಂಟರನ್ನು ಮುಂದೆ ಬಿಡಬೇಕೆಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಅಲ್ಲೊಂದು ಇಲ್ಲೊಂದು ಬೇಸರದ ಗುರುತಿಗೆ ಯಾರೂ ಬಿಟ್ಟುಹೋಗುವುದಿಲ್ಲ. ಕೆಲವು ದೊಡ್ಡ ನಿರ್ಧಾರಗಳಿಗೆ ಮಾತ್ರ ಮರಳುವ ದಾರಿ ಇಲ್ಲ. ನಿರಾಶ್ರಿತರ ತೋಪಿನ ಮೇಲೆ ದಾಳಿ ಮಾಡುವವರ ಪಕ್ಷ ಸೇರಿದರೆ ವಿಲ್ ಮತ್ತು ಕಾರ್ಲಾಕ್ ಎಂಬ ಸಂಗಾತಿಗಳು ನಿಮ್ಮ ಜೊತೆ ಉಳಿಯುವುದಿಲ್ಲ.

ಲೇಜೆಲ್‌ಳನ್ನು ಶಾಶ್ವತವಾಗಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಅವಳ ಕತೆ ಆಟದ ಬೆನ್ನೆಲುಬಿಗೆ ಅಂಟಿಕೊಂಡಿದೆ, ಕೊನೆಯವರೆಗೂ ಅದರ ಕೊರತೆ ಕಾಣುತ್ತದೆ. ವಿದರ್ಸ್ ಎಂಬ ಆ ಅಸ್ಥಿಪಂಜರದಂಥ ಮುದುಕ ನಿಮ್ಮ ಬಿಡಾರಕ್ಕೆ ಬಂದಿದ್ದರೆ, 100 ಚಿನ್ನದ ನಾಣ್ಯಕ್ಕೆ ಯಾರ ವೃತ್ತಿಯನ್ನಾದರೂ ಬದಲಿಸಿಕೊಡುತ್ತಾನೆ; ಬೇಕಾದರೆ ಶ್ಯಾಡೋಹಾರ್ಟ್‌ಳನ್ನೇ ಯೋಧಳಾಗಿಸಿ ಮುಂದೆ ನಿಲ್ಲಿಸಬಹುದು. ಆಗ ಗುಣಪಡಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅವನ ಬಳಿ ಬಾಡಿಗೆ ಯೋಧರೂ ಸಿಗುತ್ತಾರೆ, ಮುನಿಸಿಕೊಳ್ಳುವುದಿಲ್ಲ. ಅವರಿಗೆ ಹೇಳಲು ಕತೆಯೂ ಇಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನಾನಾಗಿದ್ದರೆ ಸೇತುವೆಯನ್ನು ಸದ್ಯಕ್ಕೆ ಬಿಟ್ಟು ಹಿಂದಿರುಗುತ್ತಿದ್ದೆ. ನೆಲದಡಿಯ ಅಂಡರ್‌ಡಾರ್ಕ್‌ಗೆ ಇಳಿದು ಅಲ್ಲಿ ಅಲೆದಾಡಿ ಐದನೇ ಲೆವೆಲ್ ಆಗಿ ಬನ್ನಿ. ನಾಲ್ಕರಿಂದ ಐದಕ್ಕೆ ಏರುವುದು ಈ ಆಟದ ಬಹುದೊಡ್ಡ ಜಿಗಿತ: ಲೇಜೆಲ್ ಒಂದು ಸರದಿಗೆ ಎರಡು ಸಲ ಹೊಡೆಯುತ್ತಾಳೆ, ಗೇಲ್‌ಗೆ ಮೂರನೇ ಮಟ್ಟದ ಮಂತ್ರಗಳು ಬರುತ್ತವೆ, ಅವುಗಳಲ್ಲಿ ಫೈರ್‌ಬಾಲ್ ಒಂದೇ ಏಟಿಗೆ ಗುಂಪಿನಲ್ಲಿ ತಪ್ಪಿಸಿಕೊಳ್ಳದ ಪ್ರತಿಯೊಬ್ಬನಿಗೂ ಸರಾಸರಿ 28 ಅಂಕದ ಗಾಯ ಮಾಡುತ್ತದೆ. ನಿಮ್ಮವರು ಹತ್ತಿರದಲ್ಲಿದ್ದರೆ ಅವರನ್ನೂ ಸುಡುತ್ತದೆ, ಎಚ್ಚರ. ಅಂಡರ್‌ಡಾರ್ಕ್‌ನ ಮೂಲಕವೇ ಕತೆಯ ಎರಡನೇ ಭಾಗಕ್ಕೂ ಹೋಗಬಹುದು, ಆ ಸೇತುವೆಯ ಕಾಳಗ ಕಡ್ಡಾಯವಲ್ಲ. ಹಾಗೆ ಹೋಗಿಬಿಟ್ಟರೆ ಲೇಜೆಲ್ ಹುಡುಕುತ್ತಿರುವ ಜಾಗವನ್ನು ನೋಡದೆ ಮುಂದೆ ಸಾಗುವ ಅಪಾಯವಿದೆ.

ಎರಡನೆಯದು ಮಾತು. ನೀವು ಬಾರ್ಡ್, ಮಾತೇ ನಿಮ್ಮ ಆಯುಧ. ಸೇತುವೆಯ ಬಳಿ ಗಿತ್‌ಯಾಂಕಿಗಳ ಜೊತೆ ನಡೆಯುವ ಸಂಭಾಷಣೆಯನ್ನು ಕತ್ತಿ ಎತ್ತದೆ ಮುಗಿಸುವ ದಾರಿಗಳಿವೆ. ಡ್ರ್ಯಾಗನ್ ಮೇಲೆ ಬಂದ ಅವರ ನಾಯಕ ಹಾರಿಹೋಗುತ್ತಾನೆ, ಉಳಿದವರ ಜೊತೆ ಕಾಳಗ ನಡೆಯಲೇಬೇಕೆಂದಿಲ್ಲ. ಎದುರಿಗೆ ನಿಲ್ಲುವ ಮೊದಲು ಎಫ್5 ಒತ್ತಿ ಉಳಿಸಿಕೊಳ್ಳಿ. ದಾಳ ಕೈಕೊಟ್ಟರೆ ನಿಮ್ಮ ನಾಲ್ವರೂ ಅವರ ಎದುರು ಒಟ್ಟಿಗೆ ನಿಂತಿರುತ್ತಾರೆ, ಅದೇ ಇದರ ಅಪಾಯ. ಮಾತಾಡುವವರು ಮುಂದಿರಲಿ, ಗೇಲ್‌ನನ್ನು ಗುಂಪಿನಿಂದ ಬಿಡಿಸಿ ದೂರದ ಎತ್ತರದಲ್ಲಿ ನಿಲ್ಲಿಸಿ.

ಕಾದೇ ತೀರುವೆ ಎಂದಾದರೆ, ಮೊದಲು ಪ್ರತಿ ಸೈನಿಕನ ಮೇಲೂ ಮೌಸ್‌ನ ಬಲಗುಂಡಿ ಒತ್ತಿ ‘ಎಗ್ಸಾಮಿನ್’ ತೆರೆಯಿರಿ. ಲೆವೆಲ್, ರಕ್ಷಣಾಂಕ, ಅವನ ದುರ್ಬಲ ಅಂಕ ಯಾವುದು, ಎಲ್ಲವೂ ಅಲ್ಲಿದೆ. ಹದಿನೇಳು ಸಲ ಸತ್ತವರಲ್ಲಿ ಹೆಚ್ಚಿನವರು ಆ ಪುಟವನ್ನು ಒಮ್ಮೆಯೂ ತೆರೆದಿರುವುದಿಲ್ಲ. ‘ಹೋಲ್ಡ್ ಪರ್ಸನ್’ ಮಂತ್ರ ಬಾರ್ಡ್, ಪೂಜಾರಿಣಿ, ಮಾಂತ್ರಿಕ ಮೂವರಿಗೂ ಸಿಗುವಂಥದ್ದು. ಅದು ತಾಗಿದ ಸೈನಿಕ ಮರಗಟ್ಟುತ್ತಾನೆ, ಹತ್ತಿರದಿಂದ ಅವನಿಗೆ ತಾಗಿದ ಪ್ರತಿ ಹೊಡೆತವೂ ಮರ್ಮಾಘಾತವಾಗುತ್ತದೆ. ಅವನು ತಡೆದುಕೊಂಡರೆ ಮಂತ್ರ ದಂಡ, ಆದ್ದರಿಂದ ವಿವೇಕದ ಅಂಕ ಕಡಿಮೆ ಇರುವವನನ್ನೇ ಆರಿಸಿ.

ನಿಮ್ಮ ತಮ್ಮ ಹೇಳಿದ್ದರಲ್ಲೂ ತಪ್ಪಿಲ್ಲ. ಅತ್ಯಂತ ಕಠಿಣವಾದ ಆನರ್ ಮೋಡ್ ಆರಿಸಿಕೊಂಡಿಲ್ಲದಿದ್ದರೆ ಕಷ್ಟದ ಮಟ್ಟವನ್ನು ಆಟದ ನಡುವೆಯೇ ಇಳಿಸಬಹುದು, ಏರಿಸಬಹುದು. ಆ ಮಟ್ಟಗಳನ್ನು ತೂಗಿ ಇಡುವ ಕೆಲಸವೇ ನನ್ನದು. ಎಲ್ಲಕ್ಕಿಂತ ಸುಲಭವಾದ ಎಕ್ಸ್‌ಪ್ಲೋರರ್ ಮಟ್ಟವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿರುತ್ತಾರೆ. ಪಾಳಿ ಮುಗಿಸಿ ಬಂದು ಒಂದು ಗಂಟೆ ಕತೆ ಕೇಳಲು ಕೂತವರು ಅದನ್ನು ಆರಿಸಿದರೆ ಅದು ಅವರ ಹಕ್ಕು. ಆದರೆ ನಿಮಗೆ ನಾನು ಅದನ್ನು ಮೊದಲಿಗೆ ಹೇಳದಿರುವುದಕ್ಕೆ ಕಾರಣವಿದೆ: ಮಂತ್ರವಿಲ್ಲದೆ, ಮುಂದೆ ನಿಲ್ಲುವವರಿಲ್ಲದೆ, ಮದ್ದು ಮುಟ್ಟದೆ ಆಡಿದರೆ ಆ ಮಟ್ಟದಲ್ಲೂ ಇನ್ನೊಂದು ಸೇತುವೆ ಸಿಗುತ್ತದೆ.

ನಾಳೆ ರಾತ್ರಿ ಆಟ ತೆರೆದಾಗ ಮೊದಲು ಬಿಡಾರಕ್ಕೆ ಹೋಗಿ. ಸಾಮಾನ್ಯ ಮಟ್ಟದಲ್ಲಿ ಪೂರ್ತಿ ವಿಶ್ರಾಂತಿಗೆ 40 ಅಂಕದ ಆಹಾರ ಸಾಕು. ಇಷ್ಟು ದಿನ ಮಲಗದೆ ಅಲೆದ ನಿಮ್ಮ ಚೀಲದಲ್ಲಿ ಬ್ರೆಡ್ಡು, ಸೇಬು, ಮಾಂಸ ರಾಶಿ ಬಿದ್ದಿರುತ್ತದೆ. ಮಲಗುವ ಮೊದಲು ಎಲ್ಲರನ್ನೂ ಮಾತಾಡಿಸಿ, ಲೇಜೆಲ್‌ಳನ್ನು ಮೊದಲು. ಅವಳಿಗೂ ಶ್ಯಾಡೋಹಾರ್ಟ್‌ಗೂ ಒಂದು ರಾತ್ರಿ ಚಾಕು ಹಿಡಿಯುವ ಮಟ್ಟಿಗೆ ಜಗಳವಾಗಬಹುದು, ಆಗ ನಡುವೆ ಬಾಯಿ ಹಾಕಿ. ಸುಮ್ಮನಿದ್ದರೆ ಒಬ್ಬಳನ್ನು ಕಳೆದುಕೊಳ್ಳುವ ಅಪಾಯವಿದೆ. ಬೆಳಿಗ್ಗೆ ಹೊರಡುವಾಗ ಆ 23 ಶೀಶೆಗಳನ್ನು ಹಂಚಿಬಿಡಿ. ಲೇಜೆಲ್‌ಗೆ ಎಂಟು, ಉಳಿದ ಮೂವರಿಗೆ ಐದೈದು. ಕುಡಿಯುವುದಕ್ಕೆ ಮುಖ್ಯ ಸರದಿ ಖರ್ಚಾಗುವುದಿಲ್ಲ, ಬೋನಸ್ ಸರದಿ ಸಾಕು. ಕುಡಿದ ಮೇಲೂ ಹೊಡೆಯಬಹುದು. ಬಿದ್ದವರ ಕಾಲಬುಡಕ್ಕೆ ಶೀಶೆ ಎಸೆದರೆ ಅದು ಒಡೆದು ಅಕ್ಕಪಕ್ಕದವರಿಗೂ ತಾಗುತ್ತದೆ, ಬಿದ್ದವರು ಎದ್ದು ನಿಲ್ಲುತ್ತಾರೆ.